ಏಳನೇ ತಿರುವಿನಲ್ಲಿ ಭಾವ

ಹೋದ ವರ್ಷ ಡಿಸೆಂಬರಿನಲ್ಲಿ ಎಂಟು ದಿನ ನನ್ನ ವಾಟ್ಸಾಪಿನಲ್ಲಿ ಒಂದು ಫೋಟೋ ಇತ್ತು. ಕುಂದಾದ್ರಿಯ ತುದಿ. ಹಿಂದೆ ಬಸದಿ, ಅದರ ಹಿಂದೆ ಬರೀ ಆಕಾಶ. ಮುಂದೆ ನಾನು, ಹೆಲ್ಮೆಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಹಲ್ಲೆಲ್ಲ ಕಾಣುವ ಹಾಗೆ ನಗುತ್ತಿದ್ದೇನೆ. ಒಂಬತ್ತನೇ ದಿನ ಬೆಳಿಗ್ಗೆ ಅಕ್ಕ ಫೋನು ಮಾಡಿ, "ಆ ಫೋಟೋ ಒಮ್ಮೆ ತೆಗಿ ನೀನು. ನೋಡಿದಾಗೆಲ್ಲ ನನಗೆ ಹೊಟ್ಟೆ ಉರಿತದೆ" ಅಂದಳು. ತೆಗೆದೆ.

ಆ ಫೋಟೋ ಹೊಡೆಸಿಕೊಂಡ ಹೊತ್ತು ಮಧ್ಯಾಹ್ನ ಒಂದೂ ಹತ್ತು. ಅದೇ ಒಂದೂ ಹತ್ತಕ್ಕೆ ಅಕ್ಕನ ಗಂಡ, ಅಂದರೆ ನನ್ನ ಭಾವ, ಹೆಬ್ರಿಯ ಒಂದು ಆಸ್ಪತ್ರೆಯ ಬೆಂಚಿನ ಮೇಲೆ ಕೈಗೆ ಗ್ಲೂಕೋಸ್ ಚುಚ್ಚಿಸಿಕೊಂಡು ಒಬ್ಬರೇ ಮಲಗಿದ್ದರು. ಅವತ್ತು ಬೆಳಿಗ್ಗೆ ಕಲ್ಯಾಣಪುರದಿಂದ ಜೊತೆಯಾಗಿ ಸೈಕಲ್ ಹತ್ತಿ ಹೊರಟವರು ನಾವಿಬ್ಬರು.

ಹೀಗಾಯ್ತು ನೋಡಿ. ನಮ್ಮ ಕಲ್ಯಾಣಪುರದವರಿಗೆ ಹೊಳೆ ಹತ್ತಿರ, ಕಡಲು ಹತ್ತಿರ, ಗುಡ್ಡ ಮಾತ್ರ ದೂರ. ಮಳೆಗಾಲ ಮುಗಿದು ಆಕಾಶ ತೊಳೆದ ಹಾಗೆ ಆದಾಗ ಮಣಿಪಾಲದ ಎಂಡ್ ಪಾಯಿಂಟಿನಲ್ಲಿ ನಿಂತರೆ ಕೆಳಗೆ ಸ್ವರ್ಣಾ ನದಿ, ಅದರಾಚೆ ದೂರದಲ್ಲಿ ನೀಲಿ ಗೆರೆಯ ಹಾಗೆ ಘಟ್ಟ ಕಾಣುತ್ತದೆ. ಆ ಗೆರೆಯನ್ನು ನೋಡಿ ನೋಡಿ ನನಗೊಂದು ಹುಚ್ಚು ಹತ್ತಿತು. ಮನೆಯಂಗಳದಿಂದ ಹೊರಟು, ಪೆಟ್ರೋಲಿನ ಹಂಗಿಲ್ಲದೆ, ಬರೀ ಕಾಲಿನಲ್ಲಿ ಘಾಟಿ ಹತ್ತಿ, ಅಲ್ಲಿ ಸೈಕಲ್ ಇಟ್ಟು ಒಂದು ಗುಡ್ಡದ ತುದಿ ನೋಡಿ, ಅದೇ ದಿನ ರಾತ್ರಿ ಊಟಕ್ಕೆ ಮನೆಗೆ ಬರಬೇಕು. ಗುಡ್ಡ ಯಾವುದು? ಕೊಡಚಾದ್ರಿ ಒಂದು ದಿನಕ್ಕೆ ಆಗುವ ಮಾತಲ್ಲ. ಕುದುರೆಮುಖದ ಕಡೆ ಅರಣ್ಯ ಇಲಾಖೆಯ ಅನುಮತಿ ಬೇಕು. ಉಳಿದದ್ದು ಆಗುಂಬೆಯ ಆಚೆಯ ಕುಂದಾದ್ರಿ. 800 ಮೀಟರಿಗಿಂತ ಸ್ವಲ್ಪ ಹೆಚ್ಚು ಎತ್ತರ. ಹೋಗಿ ಬರಲು ಸುಮಾರು 150 ಕಿಲೋಮೀಟರ್.

ನಾನು ಸಹಕಾರಿ ಸಂಘವೊಂದರಲ್ಲಿ ಕ್ಯಾಶಿಯರ್. ಲೆಕ್ಕ ಹಾಕುವುದು ನನ್ನ ಕಸುಬು. ಭಾವನಿಗೆ ಸಂತೆಕಟ್ಟೆ ಹತ್ತಿರ ಟೈಲರ್ ಅಂಗಡಿ. ನನಗಿಂತ ಹತ್ತು ವರ್ಷ ದೊಡ್ಡವರು, ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವರು. "ಮೂವತ್ತು ವರ್ಷ ಮಶೀನು ತುಳಿದ ಕಾಲು ಇದು, ನಿನ್ನ ಹಾಗೆ ಎಸಿ ರೂಮಲ್ಲಿ ನೋಟು ಎಣಿಸಿದ್ದಲ್ಲ" ಅಂತ ಹೇಳಿ ಅವರೂ ಹೊರಟಿದ್ದರು.

ಹೆಬ್ರಿವರೆಗೆ ಎಲ್ಲ ಸರಿ ಇತ್ತು. ಘಾಟಿಯ ಏಳನೇ ತಿರುವಿನಲ್ಲಿ ಭಾವ ಸೈಕಲ್ಲಿನಿಂದ ಇಳಿದರು. ಮುಖ ಬೆವರಿತ್ತು, ಮಾತು ಕಡಿಮೆ ಇತ್ತು. "ನೀನು ಹೋಗು ಮಾರಾಯ, ನಾನು ಮೆಲ್ಲ ಬರ್ತೇನೆ" ಅಂದರು. ನಾನು ಹೋದೆ. ಆಗುಂಬೆಯಲ್ಲಿ ಕಷಾಯ ಕುಡಿದು ಅರ್ಧ ಗಂಟೆ ಕಾದೆ. ಗಂಟೆ ನೋಡಿದೆ. ಹತ್ತೂವರೆಗೆ ಹೊರಡದಿದ್ದರೆ ಗುಡ್ಡ ತಪ್ಪುತ್ತದೆ ಅಂತ ಲೆಕ್ಕ ಹೇಳಿತು. ಭಾವ ಸಾಕಾಗಿ ವಾಪಸು ಹೋಗಿರಬೇಕು ಅಂತ ತೀರ್ಮಾನಿಸಿದೆ. ಹಾಗೆ ತೀರ್ಮಾನಿಸಿದರೆ ನನಗೆ ಅನುಕೂಲ ಇತ್ತು. ತುದಿಯಲ್ಲಿ ಫೋಟೋಕ್ಕೆ ಬೇಕಲ್ಲ ಅಂತ, ಬ್ಯಾಟರಿ ಉಳಿಸಲು ಫೋನು ಬಂದ್ ಮಾಡಿಟ್ಟೆ.

ಭಾವ ಎಲ್ಲಿಗೂ ಹೋಗಿರಲಿಲ್ಲ. ಏಳನೇ ತಿರುವಿನ ಕಟ್ಟೆಯ ಮೇಲೆ ಕೈ ನಡುಗುತ್ತಾ ಕೂತಿದ್ದರು. ಮಾತ್ರೆ ನುಂಗಿದ ಮೈಗೆ ಅಷ್ಟು ದುಡಿಮೆ ಹೆಚ್ಚಾಗಿ ಸಕ್ಕರೆ ಕೆಳಗಿಳಿದಿತ್ತು. ಬೆಲ್ಲ, ಚಿಕ್ಕಿ, ಬಾಳೆಹಣ್ಣು ಎಲ್ಲ ನನ್ನ ಬ್ಯಾಗಿನಲ್ಲಿತ್ತು. ಯಾರೋ ಪುಣ್ಯಾತ್ಮ ಪಿಕಪ್ಪಿನವರು ನಿಲ್ಲಿಸಿ, ಕುಡಿಯಲು ಜ್ಯೂಸ್ ಕೊಟ್ಟು, ಸೈಕಲ್ ಸಮೇತ ಹೆಬ್ರಿಗೆ ಇಳಿಸಿದರು. ನನಗೆ ಫೋನು ಮಾಡುತ್ತೇನೆ ಅಂತ ಅವರು ಹೇಳಿದರೆ ಭಾವ, "ಬೇಡ, ಅವ ಗುಡ್ಡ ಹತ್ತಿ ಬರಲಿ" ಅಂದರಂತೆ. ಇದೆಲ್ಲ ನನಗೆ ಗೊತ್ತಾದದ್ದು ಸಂಜೆ ನಾಲ್ಕಕ್ಕೆ, ಫೋನು ಆನ್ ಮಾಡಿದಾಗ. ಅಕ್ಕನ ಹನ್ನೊಂದು ಮಿಸ್ಡ್ ಕಾಲ್.

ಭಾವ ಒಂದು ಮಾತು ಆಡಲಿಲ್ಲ. ಅದೇ ಕಷ್ಟ. ಬೈದಿದ್ದರೆ ಬಡ್ಡಿ ಸಮೇತ ಅಲ್ಲಿಗೇ ಚುಕ್ತಾ ಆಗುತ್ತಿತ್ತು.

ಈ ವರ್ಷ ದೀಪಾವಳಿ ಊಟಕ್ಕೆ ಅಕ್ಕನ ಮನೆಗೆ ಹೋಗಿದ್ದಾಗ ಭಾವ ಪಾಯಸದ ಬದಲು ಮಜ್ಜಿಗೆ ಹಾಕಿಸಿಕೊಳ್ಳುತ್ತಾ, "ಈ ಸರ್ತಿ ಯಾವಾಗ ಹೋಗುದು?" ಅಂತ ಕೇಳಿದರು. ಅಕ್ಕ ಸೌಟನ್ನು ಪಾತ್ರೆಗೆ ಬಡಿದ ಶಬ್ದಕ್ಕೆ ಮಕ್ಕಳು ತಲೆ ಎತ್ತಿ ನೋಡಿದವು. "ಏಳನೇ ತಿರುವಿನ ಆಚೆ ಎಂತ ಉಂಟು ಅಂತ ನಾನೂ ನೋಡ್ಬೇಕಲ್ಲ?" ಅಂದರು ಭಾವ.

ಹಾಗೆ ಕಾನೂನುಗಳಾದವು. ಅಕ್ಕ ಹೇಳಿದ್ದು, ನಾನು ಡೈರಿಯಲ್ಲಿ ಬರೆದುಕೊಂಡದ್ದು. ಆ ದಿನ ಮಾತ್ರೆ ಎಷ್ಟು ಅಂತ ಮೊದಲೇ ಡಾಕ್ಟರ ಹತ್ತಿರ ಕೇಳಬೇಕು. ಹೆಬ್ರಿಯಲ್ಲಿ, ಘಾಟಿಯ ಮಧ್ಯೆ, ಆಗುಂಬೆಯಲ್ಲಿ, ಗುಡ್ಡದ ತುದಿಯಲ್ಲಿ ಬೆರಳು ಚುಚ್ಚಿ ಸಕ್ಕರೆ ನೋಡಬೇಕು. 70ಕ್ಕಿಂತ ಕೆಳಗೆ ಬಂದರೆ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿದು, 15 ನಿಮಿಷ ಕೂತು, ಮತ್ತೆ ನೋಡಬೇಕು. ತಿನ್ನುವುದು ಇಬ್ಬರ ಹತ್ತಿರವೂ ಇರಬೇಕು. ಫೋನು ಆನ್ ಇರಬೇಕು. ಭಾವ ಮುಂದೆ, ನಾನು ಹಿಂದೆ. ಕೊನೆಯದನ್ನು ನಾನೇ ಸೇರಿಸಿದೆ: ಎಲ್ಲಿದ್ದರೂ ಸರಿ, ಮಧ್ಯಾಹ್ನ ಎರಡಕ್ಕೆ ತಿರುಗಬೇಕು. ಭಾವ ಹಳೆಯ ಜೀನ್ಸಿನ ಕಾಲಿನಿಂದ ಒಂದು ಚೀಲ ಹೊಲಿದು ಸೈಕಲ್ಲಿನ ಹ್ಯಾಂಡಲಿಗೆ ಗುಂಡಿ ಹಾಕಿ ಕಟ್ಟಿದರು. ಒಂದು ಜೇಬು ಸಕ್ಕರೆ ನೋಡುವ ಮಶೀನಿಗೆ, ಒಂದು ಬೆಲ್ಲಕ್ಕೆ. ನನಗೂ ಒಂದು ಹೊಲಿದು ಕೊಟ್ಟರು.

ಡಿಸೆಂಬರಿನ ಒಂದು ಭಾನುವಾರ, ಬೆಳಗ್ಗಿನ ಜಾವ ನಾಲ್ಕೂವರೆಗೆ ಹೊರಟೆವು. ಸಂತೆಕಟ್ಟೆಯಲ್ಲಿ ಪೇಪರ್ ಕಟ್ಟು ಬಿಚ್ಚುತ್ತಿದ್ದವರು "ಒಡೆಗ್ ಮಾರಾಯ್ರೆ?" ಅಂತ ಕೇಳಿದರು. "ಕುಂದಾದ್ರಿಗ್" ಅಂದಾಗ ಹಿಂದಿನ ವರ್ಷದ ಸುದ್ದಿ ಗೊತ್ತಿದ್ದ ಅವರು ನನ್ನನ್ನೇ ಒಂದು ಗಳಿಗೆ ನೋಡಿದರು. ಅಂಬಾಗಿಲಿನಿಂದ ಪೆರಂಪಳ್ಳಿ ಏರು ಹತ್ತಿ ಟೈಗರ್ ಸರ್ಕಲ್ ತಲುಪಿದರೆ ಅಲ್ಲಿ ನಾಲ್ಕೈದು ಕಾಲೇಜು ಮಕ್ಕಳು ಇನ್ನೂ ಹಿಂದಿನ ದಿನದಲ್ಲೇ ಇದ್ದರು. ಅವರ ಗುಡ್ ನೈಟ್, ನಮ್ಮ ಗುಡ್ ಮಾರ್ನಿಂಗ್.

ಪರ್ಕಳ, ಆತ್ರಾಡಿ, ಹಿರಿಯಡ್ಕ. ಪುತ್ತಿಗೆ ಸೇತುವೆಯ ಮೇಲೆ ಬರುವಾಗ ಕೆಳಗೆ ಮಂಜು ಹಾಸಿದ್ದ ಹೊಳೆ ನಮ್ಮದೇ ಸ್ವರ್ಣೆ, ಕಲ್ಯಾಣಪುರದಲ್ಲಿ ನಮ್ಮ ಮನೆ ಹಿಂದೆ ಉಪ್ಪುನೀರು ತುಂಬಿಕೊಂಡು ಅಗಲವಾಗುವವಳು. ಇಲ್ಲಿ ಸಿಹಿನೀರಿನ ಸಣ್ಣ ಹುಡುಗಿ. ಪೆರ್ಡೂರು ದಾಟಿ ಹೆಬ್ರಿಯಿಂದ ಮುಂದೆ ಹೋದರೆ ಸೀತಾನದಿ. ಘಟ್ಟದಿಂದ ಇಳಿದು ಬರುವ ಸೀತೆ, ನಮ್ಮ ಸ್ವರ್ಣೆ, ಎರಡೂ ಬೇರೆ ಬೇರೆ ದಾರಿ ಹಿಡಿದು ಕೊನೆಗೆ ಕೋಡಿ ಬೆಂಗ್ರೆಯ ಅಳಿವೆಯಲ್ಲಿ ಒಟ್ಟಾಗಿ ಕಡಲಿಗೆ ಸೇರುತ್ತವೆ. ಇದನ್ನು ಭಾವನಿಗೆ ಹೇಳಿದೆ. "ಅಂದರೆ ಇವತ್ತು ಇಡೀ ನಾವು ಮನೆಯ ಹಿತ್ತಿಲ ನೀರಿನ ಬದಿಯಲ್ಲೇ ಹೋಗುದಾ?" ಅಂದರು. ಬಹಳ ಖುಷಿಯಾಗಿದ್ದರು.

ಹೆಬ್ರಿಯಲ್ಲಿ ಇಡ್ಲಿ ಸಾಂಬಾರು. ನಾನು ಎರಡು ಬನ್ಸ್ ಕೂಡ. ಸಕ್ಕರೆ 142. ಅಕ್ಕನಿಗೆ ವರದಿ ಹೋಯಿತು.

ಸೋಮೇಶ್ವರದಿಂದ ಘಾಟಿ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವು. ದೊಡ್ಡ ಲಾರಿ, ದೊಡ್ಡ ಬಸ್ಸು ಬಿಡುವುದಿಲ್ಲ, ಮಿನಿ ಬಸ್ಸು, ಕಾರು, ಪಿಕಪ್ಪು ಮಾತ್ರ. ಆದ್ದರಿಂದ ಸೈಕಲಿಗರಿಗೆ ಒಳ್ಳೆಯದು ಅಂತ ಅಂದುಕೊಳ್ಳಬೇಡಿ. ತಿರುವಿನಲ್ಲಿ ಒಳಗಿನ ಅಂಚು ಗೋಡೆಯ ಹಾಗೆ ಎದ್ದಿರುತ್ತದೆ, ಸೈಕಲಿನವ ಹೊರಗಿನಿಂದ ಸುತ್ತಿ ಬರಬೇಕು, ಅಲ್ಲಿಗೇ ಇಳಿಯುವ ಕಾರು ಬರುತ್ತದೆ. ನಾವು ತಿರುವಿನಲ್ಲೆಲ್ಲ ಇಳಿದು ತಳ್ಳಿದೆವು. ಹಿಂದಿನ ವರ್ಷ ತಳ್ಳುವುದು ನನಗೆ ಅವಮಾನದ ಸಂಗತಿಯಾಗಿತ್ತು. ಭಾವನ ಹಿಂದೆ ಹೋಗುವಾಗ ಬೇರೆ ದಾರಿ ಇರಲಿಲ್ಲ.

ನಿಧಾನ ಹೋಗುವವರ ಹಿಂದೆ ಹೋಗುವುದು ಎಷ್ಟು ಕಷ್ಟ ಅಂತ ಅವತ್ತು ಗೊತ್ತಾಯಿತು. ಕಾಲು ತನ್ನ ಲಯ ಕೇಳುತ್ತದೆ. ಎರಡು ಸಲ ಅವರ ಮಡ್‌ಗಾರ್ಡಿಗೆ ನನ್ನ ಚಕ್ರ ತಾಗಿತು. "ಅವಸರ ಉಂಟಾ?" ಅಂತ ಅವರು ತಿರುಗದೆಯೇ ಕೇಳಿದರು. ಇಲ್ಲ ಭಾವ, ಅಂದೆ. ಅವಸರ ಇತ್ತು.

ಏಳನೇ ತಿರುವು ಬಂತು. ಭಾವ ತಾನಾಗಿಯೇ ನಿಂತರು. ಅದೇ ಕಟ್ಟೆಯ ಮೇಲೆ ಕೂತು, ಜೀನ್ಸಿನ ಚೀಲದಿಂದ ಮಶೀನು ತೆಗೆದು, ಬೆರಳು ಚುಚ್ಚಿದರು. 96. ಸಾಕು, ಆದರೂ ಒಂದು ಬಾಳೆಹಣ್ಣು ತಿಂದರು. ಒಂದು ಮುಜ್ಜು ಮರದ ಮೇಲಿಂದ ಆ ಸಿಪ್ಪೆಯನ್ನೇ ನೋಡುತ್ತಾ ಕೂತಿತ್ತು. ಮುಜ್ಜು ಅಂದರೆ ಕಪ್ಪು ಮುಖದ ಮಂಗ. "ಹೋದ ವರ್ಷವೂ ಇದೇ ಇತ್ತಾ ಅಂತ ನೋಡ್ತಾ ಇದ್ದೇನೆ" ಅಂದರು ಭಾವ. "ಅವತ್ತು ನನಗೆ ಒಂದು ಮಂಗ ಮೂರಾಗಿ ಕಾಣ್ತಿತ್ತು." ಹೇಳಿ ನಕ್ಕರು. ನನಗೆ ನಗಲಾಗಲಿಲ್ಲ. ಕ್ಷಮೆ ಕೇಳಲು ಬಾಯಿ ತೆರೆದೆ, ಅಷ್ಟರಲ್ಲಿ ಅವರು ಎದ್ದು ಸೈಕಲ್ ತಳ್ಳಲು ಶುರು ಮಾಡಿಯಾಗಿತ್ತು.

ಆಗುಂಬೆ ತಲುಪುವಾಗ ಹನ್ನೊಂದು ಗಂಟೆ. ನನ್ನ ಲೆಕ್ಕಕ್ಕಿಂತ ಒಂದು ಗಂಟೆ ತಡ. ಶಂಕರ್ ನಾಗ್ 'ಮಾಲ್ಗುಡಿ ಡೇಸ್' ತೆಗೆದ ಊರು, ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರು. ಡಿಸೆಂಬರಿನಲ್ಲಿ ಬಿಸಿಲಿಗೆ ಮೈಯೊಡ್ಡಿ ಸುಮ್ಮನೆ ಕೂತಿತ್ತು. ಕಷಾಯ ಕುಡಿಯುತ್ತಾ ಭಾವನಿಗೆ ನೀರಿನ ಇನ್ನೊಂದು ಕಥೆ ಹೇಳಿದೆ. ಇಲ್ಲಿ ಬಿದ್ದ ಮಳೆಯಲ್ಲಿ ಪಡುವಣಕ್ಕೆ ಜಾರಿದ ಹನಿ ಸೀತೆಯಾಗಿ ನಮ್ಮ ಕಡಲಿಗೆ ಬರುತ್ತದೆ. ಮೂಡಣಕ್ಕೆ ಜಾರಿದ ಹನಿ ಮಾಲತಿಯಾಗಿ ತುಂಗೆಗೆ ಸೇರಿ, ತುಂಗಭದ್ರೆಯಾಗಿ, ಕೃಷ್ಣೆಯಾಗಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಭಾವ ಲೋಟ ಕೆಳಗಿಟ್ಟು, "ಒಂದೇ ಮೋಡದಿಂದ ಬಿದ್ದದ್ದು ಹಾಗೆ ಬಿಟ್ಟು ಹೋಗ್ತದಾ?" ಅಂದರು. ಯಾರನ್ನು ಉದ್ದೇಶಿಸಿ ಅಂದರೋ ಗೊತ್ತಿಲ್ಲ. ನಾನು ದುಡ್ಡು ಕೊಡಲು ಎದ್ದೆ.

ತೀರ್ಥಹಳ್ಳಿ ರಸ್ತೆಯಲ್ಲಿ ಗುಡ್ಡೇಕೇರಿವರೆಗೆ ಹೋಗಿ, ಅಲ್ಲಿ ತಿರುಗಿ, ಅಡಿಕೆ ತೋಟ, ಗದ್ದೆಗಳ ನಡುವೆ ಸಾಗಿದೆವು. ಕೊಯ್ದ ಗದ್ದೆಗಳ ಆಚೆ ಕುಂದಾದ್ರಿ ಒಂದೇ ಬಂಡೆಯನ್ನು ನೆಟ್ಟ ಹಾಗೆ ನಿಂತಿತ್ತು. ಏರು ಶುರುವಾಗುವಲ್ಲಿ ಒಂದು ಮನೆಯ ಅಂಗಳದಲ್ಲಿ ಕೇಳಿ ಸೈಕಲ್ ಇಟ್ಟೆವು. ಗಂಟೆ ಹನ್ನೆರಡೂ ಐವತ್ತು.

ಒಂದು ಸತ್ಯ ಹೇಳಿಬಿಡುತ್ತೇನೆ. ಕುಂದಾದ್ರಿಗೆ ತುದಿಯ ಹತ್ತಿರದವರೆಗೂ ರಸ್ತೆ ಉಂಟು. ಕಾರು ಹೋಗುತ್ತದೆ. ಅಲ್ಲಿಂದ ಮೇಲೆ ಮಾತ್ರ ಮೆಟ್ಟಿಲು. ಆದ್ದರಿಂದ ನಡೆದು ಹತ್ತುವವರನ್ನು ಕಾರಿನವರು ಕನಿಕರದಿಂದ ನೋಡುತ್ತಾರೆ. ಒಬ್ಬರು ಗಾಜು ಇಳಿಸಿ "ಬರ್ತೀರಾ?" ಅಂತಲೂ ಕೇಳಿದರು. ಭಾವ ನನ್ನ ಮುಖ ನೋಡಿದರು. "ಬೇಡ, ಥ್ಯಾಂಕ್ಸ್" ಅಂದೆ. ರಸ್ತೆ ಎಷ್ಟು ಕಡಿದು ಅಂದರೆ ಕಾರು ಮೊದಲ ಗೇರಿನಲ್ಲಿ ನರಳುತ್ತಾ ಹೋಗುವ ಸದ್ದು ಮೂರು ತಿರುವಿನಾಚೆಯಿಂದಲೂ ಕೇಳುತ್ತದೆ. ಸೈಕಲ್ ತುಳಿದು ಬಂದ ಕಾಲಿಗೆ ನಡಿಗೆ ಬೇರೆಯೇ ಕೆಲಸ. ತೊಡೆ ಹಿಡಿಯುವುದಿಲ್ಲ, ಮೀನಖಂಡ ಹಿಡಿಯುತ್ತದೆ. ಐವತ್ತು ಹೆಜ್ಜೆ, ಒಂದು ನಿಲುಗಡೆ. ಐವತ್ತು ಹೆಜ್ಜೆ, ಒಂದು ನಿಲುಗಡೆ.

ಎರಡು ಗಂಟೆಗೆ ಫೋನಿನಲ್ಲಿ ಅಲಾರಾಂ ಹೊಡೆಯಿತು. ತುದಿ ಇನ್ನೂ ಬಂದಿರಲಿಲ್ಲ. ಕಾರು ನಿಲ್ಲಿಸುವ ಜಾಗದ ಮಾತು, ನಗು ಮೇಲಿಂದ ಕೇಳುತ್ತಿತ್ತು. ಹೆಚ್ಚೆಂದರೆ ಹದಿನೈದು ನಿಮಿಷ.

"ಭಾವ, ಎರಡಾಯ್ತು. ತಿರುಗುವ" ಅಂದೆ. ಬಹಳ ದೊಡ್ಡ ಮನುಷ್ಯನಾದ ಹಾಗೆ ಅನಿಸಿತು ನನಗೆ ಆ ಮಾತು ಹೇಳುವಾಗ.

ಭಾವ ಒಂದು ಕಲ್ಲಿನ ಮೇಲೆ ಕೂತು ನೀರು ಕುಡಿದರು. "ಮೇಲೆ ಹೋದರೆ ಎಂತ ಆಗ್ತದೆ?"

"ಆಗುಂಬೆಗೆ ವಾಪಸು ಬರುವಾಗ ಐದು ದಾಟ್ತದೆ. ಸೂರ್ಯಾಸ್ತ ನೋಡಿ ಹೊರಟ ಕಾರುಗಳೆಲ್ಲ ಒಟ್ಟಿಗೆ ಘಾಟಿ ಇಳೀತವೆ. ಕೆಳಗೆ ಮುಟ್ಟುವಾಗ ಕತ್ತಲೆ. ಆಮೇಲೆ ಮನೆಗೆ ಐವತ್ತು ಕಿಲೋಮೀಟರ್ ಕತ್ತಲೆಯಲ್ಲಿ."

"ಯಾವುದಾದರೂ ಪಿಕಪ್ಪಿಗೆ ಹಾಕಿದರಾಯ್ತಲ್ಲ, ಸೈಕಲನ್ನು."

ನಾನು ಸುಮ್ಮನಾದೆ.

"ಈಗ ಹೇಳು" ಅಂದರು ಭಾವ. "ನಿನಗೆ ನನ್ನ ಸಕ್ಕರೆಯ ಚಿಂತೆಯಾ, ಪಿಕಪ್ಪಿನ ಚಿಂತೆಯಾ?"

ಉತ್ತರ ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಮನೆಯಿಂದ ಮನೆಗೆ ಬರೀ ಕಾಲಿನಲ್ಲಿ ಅನ್ನುವುದು ನನ್ನ ಹಟ. ಅಕ್ಕ ಹೇಳಿದ ಕಾನೂನುಗಳಲ್ಲಿ ಅದು ಇರಲೇ ಇಲ್ಲ. ಹಿಂದಿನ ವರ್ಷ ಅದೇ ಹಟಕ್ಕೆ ಭಾವನನ್ನು ತಿರುವಿನಲ್ಲಿ ಬಿಟ್ಟಿದ್ದೆ. ಈ ವರ್ಷ ಅದೇ ಹಟಕ್ಕೆ, ಹದಿನೈದು ನಿಮಿಷ ದೂರದ ತುದಿಯನ್ನು ಅವರಿಗೆ ತಪ್ಪಿಸಿ, ಅದಕ್ಕೆ ಜವಾಬ್ದಾರಿ ಅಂತ ಹೆಸರಿಡಲು ಹೊರಟಿದ್ದೆ. ಎರಡು ಗಂಟೆಯ ಕಾನೂನು ತಪ್ಪಲ್ಲ, ಗುಡ್ಡಕ್ಕೆ ಹೋಗುವವರಿಗೆಲ್ಲ ಅಂಥದ್ದೊಂದು ಬೇಕೇ ಬೇಕು. ಆದರೆ ಅದು ಕತ್ತಲೆಯಲ್ಲಿ ಸೈಕಲ್ ಬಿಡುವುದನ್ನು ತಡೆಯಲು ಮಾಡಿದ್ದು, ಹಿಂದಕ್ಕೆ ಹೋಗುವ ದಾರಿ ಬೇರೆ ಇದ್ದಾಗಲೂ ತುದಿ ತಪ್ಪಿಸಲು ಅಲ್ಲ. ಸೈಕಲ್ ಇಟ್ಟ ಮನೆಯವರ ನಂಬರ್ ಕೇಳಿಟ್ಟುಕೊಂಡಿದ್ದೆ. ಫೋನು ಮಾಡಿದೆ. ತೀರ್ಥಹಳ್ಳಿ ಕಡೆ ಮೀನು ಇಳಿಸಿ ಮಲ್ಪೆಗೆ ವಾಪಸು ಹೋಗುವ ಪಿಕಪ್ಪು ಒಂದು ಗುಡ್ಡೇಕೇರಿಯಲ್ಲಿ ನಾಲ್ಕೂವರೆಗೆ ಸಿಗಬಹುದು, ಹೇಳಿ ಇಡುತ್ತೇನೆ ಅಂದರು.

ಕೊನೆಯ ಮೆಟ್ಟಿಲುಗಳನ್ನು ಭಾವ ಎಣಿಸುತ್ತಾ ಹತ್ತಿದರು. ತುದಿಯಲ್ಲಿ ಪಾರ್ಶ್ವನಾಥ ಬಸದಿ, ಪಕ್ಕದಲ್ಲಿ ಬಂಡೆಯೊಳಗೇ ನೀರು ನಿಂತ ಕೊಳ. ಆಚಾರ್ಯ ಕುಂದಕುಂದರು ತಪಸ್ಸು ಮಾಡಿದ ಜಾಗ ಅಂತ ನಂಬಿಕೆ. ಸಂಕ್ರಾಂತಿಗೆ ಇಲ್ಲಿ ಜನ ಸೇರುತ್ತಾರೆ. ನಮ್ಮ ಕಡೆಯವರಿಗೆ ಬಂಡೆ ಹತ್ತಿ ಕೈಮುಗಿಯುವುದು ಹೊಸತಲ್ಲ. ಕಾರ್ಕಳದಲ್ಲಿ 1432ರಲ್ಲಿ ನಿಲ್ಲಿಸಿದ 42 ಅಡಿಯ ಗೊಮ್ಮಟನನ್ನು ಶಾಲೆಯ ಪ್ರವಾಸದಲ್ಲಿ ನೋಡಿ ಬೆಳೆದವರು ನಾವು. "ಅಲ್ಲಿ ಅಷ್ಟು ದೊಡ್ಡ ಕಲ್ಲನ್ನೇ ಮೇಲೆ ತಂದಿದ್ದಾರೆ, ನನ್ನನ್ನು ತರುದು ಎಂತ ದೊಡ್ಡ ಸಂಗತಿ" ಅಂದರು ಭಾವ. ಸಕ್ಕರೆ 118. ಅಕ್ಕನಿಗೆ ವರದಿ ಹೋಯಿತು.

ಅಂಚಿನ ಬೇಲಿ ಹಿಡಿದು ಇಬ್ಬರೂ ನಿಂತೆವು. ಕೆಳಗೆ ತೋಟ, ಗದ್ದೆ, ಹೆಂಚಿನ ಮನೆಗಳು, ಅದರಾಚೆ ಅಲೆ ಅಲೆಯಾಗಿ ಕಾಡು. ನಾವು ಬಂದ ದಾರಿ ಒಂದು ನೂಲಿನ ಎಳೆಯ ಹಾಗೆ ಅಲ್ಲಲ್ಲಿ ಕಂಡು ಮರೆಯಾಗುತ್ತಿತ್ತು. ಬಹಳ ಹೊತ್ತು ಭಾವ ಮಾತಾಡಲಿಲ್ಲ. ಆಮೇಲೆ ಕೇಳಿದರು.

"ಹೋದ ವರ್ಷದ ಆ ಫೋಟೋ ಹೊಡೆದದ್ದು ಯಾರು?"

"ಯಾರೋ ಶಿವಮೊಗ್ಗದವರು. ಗುರ್ತ ಇಲ್ಲ."

"ಚಂದ ಬಂದಿತ್ತು" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ನಾನು ಹೊಡೀಬೇಕಿತ್ತು ಅದನ್ನು."

ಒಂದು ವರ್ಷದಲ್ಲಿ ಅವರು ಆಡಿದ್ದು ಅದೊಂದೇ ಮಾತು. ಕ್ಷಮಿಸಿ ಭಾವ, ಅಂದೆ. ಗಾಳಿಗೆ ಅವರಿಗೆ ಕೇಳಿಸಿತೋ ಇಲ್ಲವೋ. ಹೆಗಲ ಮೇಲೆ ಒಂದು ಕೈ ಇಟ್ಟು, ಇನ್ನೊಂದು ಕೈ ಚಾಚಿ, "ಫೋನು ಕೊಡು" ಅಂದರು.

ಪಿಕಪ್ಪು ಸಿಕ್ಕಿತು. ಖಾಲಿ ಮೀನಿನ ಕ್ರೇಟುಗಳ ನಡುವೆ ಸೈಕಲ್‌ಗಳನ್ನು ಹಗ್ಗದಲ್ಲಿ ಕಟ್ಟಿ, ನಾವು ಮುಂದೆ ಡ್ರೈವರನ ಪಕ್ಕ ಒತ್ತಿಕೊಂಡು ಕೂತೆವು. ಆಗುಂಬೆಯ ಸೂರ್ಯಾಸ್ತದ ಕಟ್ಟೆಯಲ್ಲಿ ಜಾತ್ರೆಯಷ್ಟು ಜನ. ಏಳನೇ ತಿರುವು ಬಂದಾಗ ಭಾವ ಮೊಣಕೈಯಿಂದ ತಿವಿದು ಕಟ್ಟೆ ತೋರಿಸಿದರು. ನಾನು ತಿಂಗಳುಗಟ್ಟಲೆ ಕನಸು ಕಂಡಿದ್ದ ಘಾಟಿ ಇಳಿಜಾರನ್ನು ಪಿಕಪ್ಪು ಎರಡನೇ ಗೇರಿನಲ್ಲಿ ಮುಗಿಸಿತು. ಬೇಸರ ಆಗಲಿಲ್ಲ ಅಂದರೆ ಸುಳ್ಳು. ಪೆರ್ಡೂರು ಬರುವಾಗ ಭಾವ ನನ್ನ ಹೆಗಲಿಗೆ ತಲೆ ಕೊಟ್ಟು ನಿದ್ದೆ ಹೋಗಿದ್ದರು.

ಮಣಿಪಾಲದಲ್ಲಿ ಇಳಿದು ಲೈಟು ಹಾಕಿಕೊಂಡು ಪೆರಂಪಳ್ಳಿ ಇಳಿಜಾರಿನಲ್ಲಿ ಮನೆಗೆ ಬಂದೆವು. ಭಾವ ಮುಂದೆ, ನಾನು ಹಿಂದೆ. ಬಾಗಿಲಲ್ಲಿ ನಿಂತಿದ್ದ ಅಕ್ಕ ಮೊದಲು ಗಂಡನ ಮುಖ ನೋಡಿದಳು, ಆಮೇಲೆ ನನ್ನದು, ಆಮೇಲೆ ಮೂಗು ಮುಚ್ಚಿಕೊಂಡಳು.

"ನೀವು ಹೋದದ್ದು ಗುಡ್ಡಕ್ಕಾ, ಮಲ್ಪೆ ಬಂದರಿಗಾ?"

ಈಗ ನನ್ನ ವಾಟ್ಸಾಪಿನಲ್ಲಿ ಮತ್ತೆ ಒಂದು ಫೋಟೋ ಉಂಟು. ಭಾವ ಹೊಡೆದದ್ದು. ಬಸದಿ ಅರ್ಧ ತುಂಡಾಗಿದೆ, ನಾನು ವಾಲಿ ನಿಂತಿದ್ದೇನೆ, ಮೂಲೆಯಲ್ಲಿ ಸೂಜಿ ಚುಚ್ಚಿ ಚುಚ್ಚಿ ಒರಟಾದ ಅವರ ಹೆಬ್ಬೆರಳು ದೊಡ್ಡದಾಗಿ ಬಂದಿದೆ. ಎರಡು ತಿಂಗಳಾಯಿತು. ಅಕ್ಕ ತೆಗಿ ಅಂದಿಲ್ಲ.